ಪಂದ್ಯದ ದಿನ ಪೊಲೀಸರು ಮನೆ ಬಾಗಿಲು ತಟ್ಟಬೇಕೇ?

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ವಿಶ್ವಕಪ್ಪೋ ಯೂರೋ ಕಪ್ಪೋ ಬಂತೆಂದರೆ ಪೊಲೀಸರದು ಎರಡು ಬಗೆಯ ಬಂದೋಬಸ್ತ್. ಒಂದು ಬೀದಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಪಬ್‌ಗಳ ಮುಂದೆ, ದೊಡ್ಡ ಪರದೆ ಹಾಕಿದ ಚೌಕಗಳಲ್ಲಿ ಕಾವಲು. ಇನ್ನೊಂದು ಮನೆಯೊಳಗಿನ ಹೊಡೆತ ತಡೆಯಲು. ಹೆಂಡತಿಗೋ ಗೆಳತಿಗೋ ಹೊಡೆದು ಹಿಂದೆ ದಾಖಲೆ ಸೇರಿದವರ ಮನೆಗೆ ಪಂದ್ಯಕ್ಕೆ ಮುಂಚೆಯೇ ಹೋಗಿ ಎಚ್ಚರಿಸುತ್ತಾರೆ. ಕೆಲವು ಕಡೆ ಪತ್ರ ಕಳಿಸುತ್ತಾರೆ. ಆ ರಾತ್ರಿ ಹೆಚ್ಚು ಸಿಬ್ಬಂದಿ ಇಡುತ್ತಾರೆ, ಪೋಸ್ಟರ್ ಅಂಟಿಸುತ್ತಾರೆ. ಹೀಗೆ ಪಂದ್ಯ ನೋಡಿಕೊಂಡು ಮಾಡುವ ಕೆಲಸ ಸರಿಯೇ? ಒಂದರ ಕೆಳಗೊಂದು ಎರಡು ಬರಹಗಳು ಇಲ್ಲಿವೆ.

ಪರ: ದಿನಾಂಕ ಗೊತ್ತಿದ್ದೂ ಸುಮ್ಮನಿರುವುದು ಹೇಗೆ?

ಕಳ್ಳ ಯಾವ ರಾತ್ರಿ ಬರುತ್ತಾನೆಂದು ಪೊಲೀಸರಿಗೆ ಗೊತ್ತಿರುವುದಿಲ್ಲ. ಇಲ್ಲಿ ಗೊತ್ತಿದೆ. ಫಿಫಾ ತಿಂಗಳುಗಟ್ಟಲೆ ಮೊದಲೇ ವೇಳಾಪಟ್ಟಿ ಪ್ರಕಟಿಸಿರುತ್ತದೆ!

ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಂಕಶೈರ್ ಪೊಲೀಸರ ದಾಖಲೆ ತೆಗೆದು 2002, 2006, 2010ರ ವಿಶ್ವಕಪ್‌ಗಳ ದಿನಗಳನ್ನು ನೋಡಿದರು. ಇಂಗ್ಲೆಂಡ್ ಗೆದ್ದ ಅಥವಾ ಡ್ರಾ ಮಾಡಿದ ದಿನ ಕೌಟುಂಬಿಕ ದೌರ್ಜನ್ಯದ ದೂರು ಶೇ. 26ರಷ್ಟು ಜಾಸ್ತಿ. ಸೋತ ದಿನ ಶೇ. 38. ಮರುದಿನವೂ ಶೇ. 11ರಷ್ಟು ಹೆಚ್ಚು. ಆಮೇಲೆ ವಾರಿಕ್ ವಿಶ್ವವಿದ್ಯಾಲಯದವರು ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸರ 2010ರಿಂದ 2018ರ ದಾಖಲೆ ನೋಡಿದರು. ಇಂಗ್ಲೆಂಡ್ ಗೆದ್ದ ದಿನ ಕುಡಿತದ ಜೊತೆ ಸೇರಿದ ದೌರ್ಜನ್ಯ ಶೇ. 47ರಷ್ಟು ಏರಿತ್ತು. ಅವರು ರಗ್ಬಿಯನ್ನೂ ಪರೀಕ್ಷಿಸಿದರು. ಅದರಲ್ಲಿ ಈ ಏರಿಕೆ ಕಾಣಲಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ ಅಧ್ಯಯನ ಮ್ಯಾಂಚೆಸ್ಟರಿನದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು ಆ ಊರಿನ ಎರಡು ಕ್ಲಬ್‌ಗಳಾದ ಮ್ಯಾಂಚೆಸ್ಟರ್ ಯುನೈಟೆಡ್ ಮತ್ತು ಮ್ಯಾಂಚೆಸ್ಟರ್ ಸಿಟಿಯ ಪಂದ್ಯಗಳನ್ನು, 2012ರಿಂದ 2019ರವರೆಗಿನ ಪೊಲೀಸ್ ಕರೆಗಳ ಜೊತೆ ಗಂಟೆ ಗಂಟೆಯ ಲೆಕ್ಕದಲ್ಲಿ ಹೋಲಿಸಿದರು. ಆಟ ನಡೆಯುವ ಎರಡು ಗಂಟೆ ದೌರ್ಜನ್ಯ ಶೇ. 5ರಷ್ಟು ಕಡಿಮೆಯಾಗುತ್ತದೆ. ಹೊಡೆಯುವವನ ಗಮನವೆಲ್ಲ ಆಟದ ಮೇಲೆ ಇರುತ್ತದಲ್ವಾ. ಆಟ ಮುಗಿದ ಮೇಲೆ ನಿಧಾನವಾಗಿ ಏರಿ, ಹತ್ತರಿಂದ ಹನ್ನೆರಡು ಗಂಟೆಗಳಲ್ಲಿ ಶೇ. 8.5ರಷ್ಟು ಹೆಚ್ಚಾಗಿರುತ್ತದೆ. ಈ ಏರಿಕೆಯ ಹಿಂದೆ ಇದ್ದದ್ದು ಕುಡಿದ ಗಂಡಸರು.

ದಿನ ಮಾತ್ರವಲ್ಲ, ಗಂಟೆಯೂ ಗೊತ್ತಾಯಿತು. ಕಂಟ್ರೋಲ್ ರೂಮಿನಲ್ಲಿ ಆ ಹೊತ್ತಿಗೆ ಯಾರು ಕೂರಬೇಕು, ಯಾವ ಬಡಾವಣೆಯ ಹತ್ತಿರ ಗಾಡಿ ನಿಲ್ಲಬೇಕು ಎನ್ನುವುದನ್ನು ಇದರಿಂದಲೇ ತೀರ್ಮಾನಿಸಬಹುದು. ಪಂದ್ಯದ ದಿನ ಪೊಲೀಸರ ರಜೆ ಹೇಗೂ ರದ್ದಾಗಿರುತ್ತದೆ. ಕ್ರೀಡಾಂಗಣದ ಸುತ್ತ ನೂರಾರು ಜನ ನಿಂತಿರುತ್ತಾರೆ. ಅದರಲ್ಲಿ ಕೆಲವರನ್ನು ರಾತ್ರಿ ಪಾಳಿಗೆ ಮನೆಗಳ ಕಡೆ ಕಳಿಸಿದರೆ ಊರು ಮುಳುಗುವುದಿಲ್ಲ.

ಇನ್ನು ಬಾಗಿಲು ತಟ್ಟುವ ವಿಷಯ. ನಮ್ಮಲ್ಲಿ ಗಣೇಶ ಹಬ್ಬಕ್ಕೋ ಚುನಾವಣೆಗೋ ಮುಂಚೆ ರೌಡಿಶೀಟರ್‌ಗಳನ್ನು ಠಾಣೆಗೆ ಕರೆಸಿ, ಸಾಲಾಗಿ ನಿಲ್ಲಿಸಿ, ಬಾಲ ಬಿಚ್ಚಬೇಡಿ ಎಂದು ಹೇಳಿ ಕಳಿಸುತ್ತಾರೆ. ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಅದನ್ನು ಯಾರೂ ವಿಚಿತ್ರ ಎನ್ನುವುದಿಲ್ಲ. ಬೀದಿಯ ರೌಡಿಗೆ ಕೊಡುವ ಗಮನವನ್ನು ಮನೆಯ ರೌಡಿಗೆ ಕೊಟ್ಟರೆ ಮಾತ್ರ ಯಾಕೆ ಇಷ್ಟು ಚರ್ಚೆ? 2011ರ ಆಸುಪಾಸಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಪೊಲೀಸರು, ಆ ಊರಿನ ಎರಡು ಬದ್ಧವೈರಿ ಕ್ಲಬ್‌ಗಳಾದ ಸೆಲ್ಟಿಕ್-ರೇಂಜರ್ಸ್ ಪಂದ್ಯಕ್ಕೆ ಮುಂಚೆ ಇದನ್ನೇ ಮಾಡಿದರು. ಆ ಪಂದ್ಯದ ದಿನದ ಹಿಂಸೆ ಎಷ್ಟು ಹದಗೆಟ್ಟಿತ್ತೆಂದರೆ, ಪಂದ್ಯವನ್ನೇ ನಿಷೇಧಿಸಿ ಎಂಬ ಮಾತು ಅಲ್ಲಿನ ಪೊಲೀಸರ ಸಂಘವಾದ ಸ್ಕಾಟಿಷ್ ಪೊಲೀಸ್ ಫೆಡರೇಶನ್‌ನಿಂದಲೇ ಬಂದಿತ್ತು.

ಭೇಟಿ ಎಂದರೆ ಬರೀ ಬೆದರಿಕೆ ಎಂದುಕೊಳ್ಳಬೇಡಿ. ಜಾಮೀನಿನ ಮೇಲೆ ಹೊರಗಿರುವವನಿಗೆ, ಏಟು ತಿಂದವಳ ಮನೆ ಹತ್ತಿರ ಸುಳಿಯಬಾರದು ಎಂಬ ಷರತ್ತು ಹಲವು ಸಲ ಇರುತ್ತದೆ. ಅದನ್ನು ಪಾಲಿಸುತ್ತಿದ್ದಾನಾ ಎಂದು ಹೋಗಿ ನೋಡದೆ ತಿಳಿಯುವುದು ಹೇಗೆ? ಅವಳೊಬ್ಬಳನ್ನೇ ಬೇರೆಯಾಗಿ ಕಂಡು ಮಾತಾಡಲೂ ಇದು ಅವಕಾಶ. ಮೊಬೈಲಿನಿಂದ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ, ಮಾತಾಡಲು ಆಗದಿದ್ದರೆ 55 ಒತ್ತಿದರೆ ಸಾಕು, ಕರೆ ಪೊಲೀಸರಿಗೆ ಹೋಗುತ್ತದೆ. ಇದು ಗೊತ್ತಿಲ್ಲದ ಹೆಂಗಸರು ಅಲ್ಲೂ ಬಹಳ. ಗಂಡ ಪಕ್ಕದ ಕೋಣೆಯಲ್ಲಿದ್ದಾಗ ಆ ಎರಡು ಅಂಕಿ ಪ್ರಾಣ ಉಳಿಸಬಹುದು.

ಕಾನೂನಿನ ಬಲವೂ ಅಲ್ಲಿನ ಪೊಲೀಸರಿಗೆ ಇದೆ. ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣಾ ಆದೇಶ ಬೇಕೆಂದರೆ ಮ್ಯಾಜಿಸ್ಟ್ರೇಟ್ ಕೊಡಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2014ರಿಂದ ಹಿರಿಯ ಪೊಲೀಸ್ ಅಧಿಕಾರಿಯೇ ನೋಟಿಸ್ ಹೊರಡಿಸಿ ಹೊಡೆಯುವವನನ್ನು ಮನೆಯಿಂದ ಹೊರಗಿಡಬಹುದು. 48 ಗಂಟೆಯೊಳಗೆ ವಿಷಯ ಕೋರ್ಟಿಗೆ ಬರಬೇಕು. ಕೋರ್ಟು 14ರಿಂದ 28 ದಿನ ಮುಂದುವರಿಸಬಹುದು. ಅಷ್ಟರಲ್ಲಿ ಅರ್ಧ ಟೂರ್ನಿ ಮುಗಿದಿರುತ್ತದೆ. ಈ ಅಧಿಕಾರ ಕೈಯಲ್ಲಿದೆ ಎಂದು ಅವನಿಗೂ ಗೊತ್ತಿರುವುದರಿಂದಲೇ ಬಾಗಿಲ ಮುಂದಿನ ಮಾತಿಗೆ ತೂಕ.

ಫುಟ್‌ಬಾಲ್ ಮೇಲೆ ತಪ್ಪು ಹೊರಿಸುತ್ತೀರಿ ಎನ್ನುತ್ತಾರೆ. ಯಾರೂ ಹೊರಿಸಿಲ್ಲ. ಹೊಡೆಯುವವನು ಹೊಡೆಯುವ ಸ್ವಭಾವದವನೇ. ಆದರೆ ಯಾವ ರಾತ್ರಿ ಅವನು ಹೆಚ್ಚು ಕುಡಿದು ಬರುತ್ತಾನೆ ಎನ್ನುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅದು ಅವನಿಗೆ ಕೊಟ್ಟ ರಿಯಾಯಿತಿ ಹೇಗಾಗುತ್ತದೆ? ಹೊಸ ವರ್ಷದ ರಾತ್ರಿ ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಜಾಸ್ತಿ ನಾಕಾಬಂದಿ ಹಾಕಿದರೆ, ಪೊಲೀಸರು ಹೊಸ ವರ್ಷವನ್ನು ದೂರುತ್ತಿದ್ದಾರೆ ಎಂದು ಯಾರೂ ಹೇಳುವುದಿಲ್ಲ. ಇದರಿಂದ ಎಲ್ಲರೂ ಸುಧಾರಿಸುತ್ತಾರೆ ಎಂಬ ಭ್ರಮೆ ನನಗಿಲ್ಲ. ಹತ್ತು ಮನೆಗಳಲ್ಲಿ ಒಂದು ಮನೆ ಆ ರಾತ್ರಿ ತಣ್ಣಗಿದ್ದರೂ ಆ ಭೇಟಿಯ ಖರ್ಚು ಹುಟ್ಟಿತು ಎನ್ನುತ್ತೇನೆ.

ವಿರೋಧ: ಪೊಲೀಸರು ಹೋದ ಮೇಲೆ ಬಾಗಿಲು ಮುಚ್ಚುತ್ತದೆ

ರೌಡಿಶೀಟರ್ ಉದಾಹರಣೆ ಕೇಳಲು ಚೆನ್ನಾಗಿದೆ. ಆದರೆ ಒಂದು ವ್ಯತ್ಯಾಸವಿದೆ. ಠಾಣೆಯಲ್ಲಿ ಬೈಸಿಕೊಂಡ ರೌಡಿ ಹೊರಗೆ ಬಂದು ಟೀ ಅಂಗಡಿಯಲ್ಲಿ ಎರಡು ಮಾತು ಬೈದು ಸುಮ್ಮನಾಗುತ್ತಾನೆ. ಇಲ್ಲಿ ಬೈಸಿಕೊಂಡವನು ಬಾಗಿಲು ಹಾಕಿ ತಿರುಗಿದರೆ ಎದುರಿಗೆ ಇರುವವಳು ಅವಳೇ. ಅಕ್ಕಪಕ್ಕದವರು ಕಿಟಕಿಯಿಂದ ನೋಡಿರುತ್ತಾರೆ. ಎರಡು ವರ್ಷದ ಹಿಂದೆ ಪೊಲೀಸರಿಗೆ ಫೋನ್ ಮಾಡಿದ್ದು ಯಾರು ಎಂದು ಅವನಿಗೆ ಚೆನ್ನಾಗಿ ನೆನಪಿದೆ. ಆ ಅವಮಾನದ ಬೆಲೆ ಯಾರು ತೆರಬೇಕಾಗುತ್ತದೆ? ಪರ ವಾದಿಸಿದವರು ಅವಳನ್ನು ಬೇರೆಯಾಗಿ ಕಂಡು ಮಾತಾಡುತ್ತಾರೆ ಎಂದರು. ಎರಡು ಕೋಣೆಯ ಮನೆಯಲ್ಲಿ, ಅವನು ನಡುಮನೆಯಲ್ಲೇ ಕೂತಿರುವಾಗ, ಬೇರೆಯಾಗಿ ಎಂದರೆ ಎಲ್ಲಿ?

ಇದು ಬರೀ ನನ್ನ ಊಹೆ ಅಲ್ಲ. ದೂರು ಬಂದ ಮೇಲೆ ಪೊಲೀಸರು ಮತ್ತೊಮ್ಮೆ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವ ಯೋಜನೆಗಳು ಅಮೆರಿಕದಲ್ಲಿ ಹಲವು ನಡೆದಿವೆ. ಅಂಥ 10 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆ 2008ರಲ್ಲಿ ಬಂತು. ದೂರು ಕೊಡುವುದು ಸ್ವಲ್ಪ ಹೆಚ್ಚಾಗಿತ್ತು. ಹೊಡೆತ ಕಡಿಮೆ ಆಗಿರಲಿಲ್ಲ. ದೂರು ಹೆಚ್ಚಾದದ್ದು ಒಳ್ಳೆಯದೇ ಇರಬಹುದು. ಆದರೆ ಪೊಲೀಸರು ಪೋಸ್ಟರಿನಲ್ಲಿ ಹೇಳಿಕೊಳ್ಳುವುದು ತಡೆಗಟ್ಟುತ್ತೇವೆ ಎಂದು ತಾನೇ?

ಈಗ ಆ ಶೇಕಡಾಗಳಿಗೆ ಬರೋಣ. ಸೋತರೆ ಶೇ. 38 ಎಂಬ ಅಂಕಿ ಪ್ರತಿ ಟೂರ್ನಿಗೂ ಪತ್ರಿಕೆಗಳಲ್ಲಿ ಮರಳಿ ಬರುತ್ತದೆ. ಅದು ಒಂದು ಜಿಲ್ಲೆಯ ಪೊಲೀಸರ ಲೆಕ್ಕ. ಆ ಮೂರು ವಿಶ್ವಕಪ್‌ಗಳಲ್ಲಿ ಇಂಗ್ಲೆಂಡ್ ಆಡಿದ್ದೇ 14 ಪಂದ್ಯ. ಸೋತದ್ದು 2002ರಲ್ಲಿ ಬ್ರೆಜಿಲ್‌ಗೆ, 2010ರಲ್ಲಿ ಜರ್ಮನಿಗೆ. 2006ರಲ್ಲಿ ಪೋರ್ಚುಗಲ್ ವಿರುದ್ಧ ಪೆನಾಲ್ಟಿಯಲ್ಲಿ ಹೊರಬಿದ್ದದ್ದನ್ನೂ ಸೇರಿಸಿದರೆ ಮೂರು. ಮೂರು ದಿನಗಳ ಮೇಲೆ ಒಂದು ದೇಶದ ಪೊಲೀಸ್ ನೀತಿ ನಿಲ್ಲಿಸುತ್ತೀರಾ? ವಾರಿಕ್‌ನವರು ನೋಡಿದಾಗ ಸೋತ ದಿನ ಏರಿಕೆಯೇ ಸಿಗಲಿಲ್ಲ, ಗೆದ್ದ ದಿನ ಸಿಕ್ಕಿತು. ಮ್ಯಾಂಚೆಸ್ಟರಿನಲ್ಲಿ ಗೆಲುವು ಸೋಲಿನಿಂದ ವ್ಯತ್ಯಾಸವೇ ಆಗಲಿಲ್ಲ. ಹಾಗಿದ್ದೂ 2018ರ ವಿಶ್ವಕಪ್ ಹೊತ್ತಿಗೆ ಒಂದು ಸಂಸ್ಥೆ, ಇಂಗ್ಲೆಂಡ್ ತಂಡಕ್ಕೆ ಏಟು ಬಿದ್ದರೆ ಅವಳಿಗೂ ಬೀಳುತ್ತದೆ ಎಂಬ ಅರ್ಥದ ಪೋಸ್ಟರ್ ಮಾಡಿತು. ಎಲ್ಲ ಕಡೆ ಓಡಾಡಿತು. ಒಳ್ಳೆಯ ಉದ್ದೇಶದ್ದೇ. ಆದರೆ ಹೊಡೆಯುವ ಗಂಡಸು ಅದನ್ನು ಹೇಗೆ ಓದುತ್ತಾನೆ ಯೋಚಿಸಿ. ಸೋತ ಬೇಜಾರು, ಕೈ ಮೀರಿತು ಎನ್ನಲು ಅವನಿಗೆ ಸಿದ್ಧ ನೆಪ ಸಿಕ್ಕಿತು. ಫುಟ್‌ಬಾಲ್ ಇದಕ್ಕೆ ಕಾರಣವಲ್ಲ, ಹೊಡೆಯುವವನೇ ಕಾರಣ ಎಂದು ದೌರ್ಜನ್ಯಕ್ಕೆ ಸಿಕ್ಕಿದ ಹೆಂಗಸರಿಗೆ ನೆರವಾಗುವ ವಿಮೆನ್ಸ್ ಏಡ್‌ನಂಥ ಸಂಘಟನೆಗಳು ವರ್ಷಗಳಿಂದ ಬಾಯಿ ಬಡಿದುಕೊಳ್ಳುತ್ತಿರುವುದು ಇದಕ್ಕೇ.

ಪಂದ್ಯದ ರಾತ್ರಿಯ ಮೇಲೆ ಕಣ್ಣಿಟ್ಟರೆ ಕಾಣುವುದು ಗುದ್ದು, ಒಡೆದ ತುಟಿ. ದೌರ್ಜನ್ಯ ಅಷ್ಟೇ ಅಲ್ಲ. ಅವಳ ಸಂಬಳ ಕಿತ್ತುಕೊಳ್ಳುವುದು, ಫೋನ್ ತೆಗೆದು ನೋಡುವುದು, ತವರಿನವರ ಜೊತೆ ಮಾತು ಬಿಡಿಸುವುದು, ಹೊರಗೆ ಹೋದರೆ ಗಂಟೆ ಲೆಕ್ಕ ಕೇಳುವುದು. ಇಂಗ್ಲೆಂಡಿನಲ್ಲಿ 2015ರ ಕಾನೂನು ಇದನ್ನೇ ಒಂದು ಅಪರಾಧವನ್ನಾಗಿ ಮಾಡಿತು. ಇದಕ್ಕೆ ವೇಳಾಪಟ್ಟಿ ಇಲ್ಲ. ಫೈನಲ್ ಮುಗಿದ ಮರುವಾರವೂ ಇದು ನಡೆಯುತ್ತದೆ, ಆಗ ಬಾಗಿಲು ತಟ್ಟುವವರು ಯಾರೂ ಇರುವುದಿಲ್ಲ.

ಮಾಮೂಲಿ ದಿನಗಳಲ್ಲಿ ಪೊಲೀಸರು ಹೇಗಿದ್ದಾರೆ? 2014ರಲ್ಲಿ ಪೊಲೀಸ್ ತಪಾಸಣಾ ಸಂಸ್ಥೆಯೇ ವರದಿ ಕೊಟ್ಟಿತು. ಕೌಟುಂಬಿಕ ದೌರ್ಜನ್ಯದ ತುರ್ತು ಕರೆ ಸರಾಸರಿ 30 ಸೆಕೆಂಡಿಗೊಂದು ಬರುತ್ತಿತ್ತು. 43 ಪೊಲೀಸ್ ಪಡೆಗಳಲ್ಲಿ ಈ ಕೆಲಸ ಚೆನ್ನಾಗಿ ಮಾಡುತ್ತಿದ್ದದ್ದು ಬರೀ ಎಂಟು. ಆಮೇಲೆ ಸುಧಾರಣೆ ಆಗಿದೆ, ಇಲ್ಲ ಎನ್ನುವುದಿಲ್ಲ. ಆದರೆ 2021ರಲ್ಲಿ ಲಂಡನ್ನಿನ ಪೊಲೀಸ್ ಪೇದೆ ವೇಯ್ನ್ ಕಝೆನ್ಸ್‌ಗೆ ಅಪಹರಣ, ಅತ್ಯಾಚಾರ, ಕೊಲೆಗೆ ಜೀವಾವಧಿ ಶಿಕ್ಷೆಯಾಯಿತು. 2023ರಲ್ಲಿ ಅದೇ ಪಡೆಯ ಡೇವಿಡ್ ಕ್ಯಾರಿಕ್‌ಗೆ ವರ್ಷಗಟ್ಟಲೆ ನಡೆಸಿದ ಅತ್ಯಾಚಾರಗಳಿಗಾಗಿ ಶಿಕ್ಷೆಯಾಯಿತು. ಅದಾದ ಮೇಲೆ ಸಮವಸ್ತ್ರದವನು ಬಾಗಿಲಿಗೆ ಬಂದು ನಿಮ್ಮ ರಕ್ಷಣೆಗೆ ನಾವಿದ್ದೇವೆ ಎಂದರೆ, ಒಳಗಿರುವ ಹೆಂಗಸು ಕೂಡಲೇ ನಂಬುತ್ತಾಳಾ?

ಹಾಗಾದರೆ ಮ್ಯಾಂಚೆಸ್ಟರ್ ಅಧ್ಯಯನವನ್ನು ಬದಿಗಿಡಬೇಕೇ? ಇಲ್ಲ, ಅದನ್ನು ಪೂರ್ತಿ ಓದಬೇಕು. ಪರ ವಾದಿಸಿದವರು ಅರ್ಧ ಹೇಳಿ ನಿಲ್ಲಿಸಿದರು. ಆ ಏರಿಕೆ ಎಲ್ಲ ಪಂದ್ಯಗಳ ನಂತರ ಬಂದದ್ದಲ್ಲ. ಮಧ್ಯಾಹ್ನವೇ ಶುರುವಾಗುವ ಪಂದ್ಯಗಳ ನಂತರ ಬಂದದ್ದು. ಹನ್ನೆರಡೂವರೆಗೆ ಆಟ ಶುರುವಾದರೆ ಎರಡೂವರೆಗೆ ಮುಗಿಯುತ್ತದೆ. ಆಮೇಲೆ ಪಬ್ ಮುಚ್ಚುವವರೆಗೆ ಕುಡಿಯಲು ಇಡೀ ದಿನ ಬಿದ್ದಿರುತ್ತದೆ. ರಾತ್ರಿ ಎಂಟಕ್ಕೆ ಶುರುವಾದರೆ ಅಷ್ಟು ಹೊತ್ತು ಸಿಗುವುದಿಲ್ಲ. ಪಂದ್ಯಗಳನ್ನು ತಡವಾಗಿ ಇಟ್ಟು, ಕುಡಿತಕ್ಕೆ ಕಡಿವಾಣ ಹಾಕಿದರೆ ಫುಟ್‌ಬಾಲ್ ಜೊತೆ ತಳಕು ಹಾಕಿಕೊಂಡ ದೌರ್ಜನ್ಯದ ಬಹುಪಾಲು ತಪ್ಪುತ್ತದೆ ಎಂದು ಆ ಸಂಶೋಧಕರೇ ಹೇಳಿದ್ದಾರೆ.

ಡರ್ಬಿ ಪಂದ್ಯಗಳನ್ನು, ಅಂದರೆ ಒಂದೇ ಊರಿನ ಎರಡು ತಂಡಗಳ ಸೆಣಸಾಟವನ್ನು, ಮಧ್ಯಾಹ್ನಕ್ಕೆ ತಂದದ್ದರಲ್ಲಿ ಟಿವಿಯವರ ಪಾಲೂ ಇದೆ, ಪೊಲೀಸರ ಪಾಲೂ ಇದೆ. ಬೆಳಿಗ್ಗೆಯಿಂದ ಕುಡಿದು ಬಂದ ಎರಡು ಗುಂಪು ಸಂಜೆ ಬೀದಿಯಲ್ಲಿ ಹೊಡೆದಾಡಬಾರದು ಎಂದು ಪೊಲೀಸರು ಬೇಗ ಆಡಿಸಿ ಎನ್ನುತ್ತಾರೆ. ಸೆಲ್ಟಿಕ್-ರೇಂಜರ್ಸ್ ಪಂದ್ಯ ನಡುಹಗಲು ಹನ್ನೆರಡಕ್ಕೆ ಶುರುವಾಗುವುದು ಅಲ್ಲಿನವರಿಗೆ ಅಭ್ಯಾಸವೇ ಆಗಿಹೋಗಿದೆ. ಕ್ರೀಡಾಂಗಣದಲ್ಲಿ ಮೈದಾನ ಕಾಣುವ ಜಾಗದಲ್ಲಿ ಕುಡಿಯುವಂತಿಲ್ಲ ಎಂದು ಇಂಗ್ಲೆಂಡಿನಲ್ಲಿ 1985ರಿಂದ ಕಾನೂನಿದೆ. ಬೀದಿ ಶಾಂತ, ಕ್ರೀಡಾಂಗಣ ಶಾಂತ. ಅಲ್ಲಿ ತಡೆದದ್ದು ಸಂಜೆಯ ಮೇಲೆ ಮನೆಯಲ್ಲಿ ಸಿಡಿಯುತ್ತದೆ. ಆ ಲೆಕ್ಕ ಬಂದೋಬಸ್ತಿನ ಕಡತಕ್ಕೆ ಬರುವುದೇ ಇಲ್ಲ. ಮೊದಲು ಪಂದ್ಯವನ್ನು ಬೇಗ ಆಡಿಸಿ, ಆಮೇಲೆ ಬಾಗಿಲಿಗೆ ಬಂದು ಎಚ್ಚರಿಕೆ ಕೊಡುವುದು ಯಾವ ನ್ಯಾಯ?

ಆ ಹಣ, ಆ ಜನ, ಆ ಗಾಡಿಗಳನ್ನು ವರ್ಷವಿಡೀ ಕೆಲಸ ಮಾಡುವ ವಿಶೇಷ ತಂಡಕ್ಕೆ ಕೊಡಿ. ಪದೇಪದೇ ಹೊಡೆದು ಸಿಕ್ಕಿಬಿದ್ದವನಿಗೆ ಕೋರ್ಟಿನ ಮೂಲಕ ಕಾಲಿಗೆ ಕಟ್ಟಿ ಕುಡಿತ ಪತ್ತೆ ಹಚ್ಚುವ ಟ್ಯಾಗ್ ಹಾಕಿಸಿ. ಅದು ಇಂಗ್ಲೆಂಡಿನ ಕೋರ್ಟುಗಳ ಕೈಯಲ್ಲಿ ಈಗಾಗಲೇ ಇರುವ ಸಾಧನ. ಅವನು ಗುಟುಕು ಹಾಕಿದರೆ ಟ್ಯಾಗೇ ಹೇಳುತ್ತದೆ, ಅವಳು ಫೋನ್ ಮಾಡಿ ಅಪಾಯ ಮೈಮೇಲೆ ಎಳೆದುಕೊಳ್ಳಬೇಕಿಲ್ಲ. ಮುಂದಿನ ಡರ್ಬಿಗೆ ಸಮಯ ಗೊತ್ತು ಮಾಡುವ ಸಭೆಯಲ್ಲಿ ಕ್ಲಬ್, ಟಿವಿ, ಬಂದೋಬಸ್ತಿನ ಅಧಿಕಾರಿಗಳ ಜೊತೆ ಕೌಟುಂಬಿಕ ದೌರ್ಜನ್ಯ ವಿಭಾಗದವರಿಗೂ ಒಂದು ಕುರ್ಚಿ ಹಾಕಿ. ಹನ್ನೆರಡಕ್ಕೇ ಆಡಿಸಬೇಕು ಎಂದು ಯಾರಾದರೂ ಹಟ ಹಿಡಿದರೆ, ಆ ರಾತ್ರಿ ಹತ್ತರಿಂದ ಎರಡರವರೆಗೆ ಬರುವ ಹೆಚ್ಚುವರಿ ಕರೆಗಳಿಗೆ ಗಾಡಿ ಯಾರು ಕೊಡುತ್ತಾರೆ ಎಂದು ಅವರೂ ಕೇಳಲಿ.