ಲೆಕ್ಕಕ್ಕೆ ಬಾರದ ಅರ್ಧ ಕಪ್

ಡಾಕ್ಟರು ರಕ್ತದ ರಿಪೋರ್ಟಿನಿಂದ ತಲೆ ಎತ್ತದೆ ಕೇಳಿದರು: "ದಿನಕ್ಕೆ ಎಷ್ಟು ಕಪ್ ಕಾಫಿ?"

"ಎರಡು" ಅಂದೆ.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಏನೂ ಹೇಳಲಿಲ್ಲ. ಸುಮ್ನೆ ಕಿಟಕಿಯ ಕಡೆ ತಿರುಗಿದಳು. ಅವಳು ಕಿಟಕಿ ನೋಡಿದರೆ ಏನರ್ಥ ಅಂತ ನನಗೆ ಗೊತ್ತು. ಡಾಕ್ಟರಿಗೂ ಗೊತ್ತಾಯಿತು ಅಂತ ಕಾಣುತ್ತದೆ. "ಎರಡು" ಎಂದು ಬರೆದುಕೊಂಡವರು ಅದರ ಪಕ್ಕದಲ್ಲೇ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದರು.

ನಾನು ಸುಳ್ಳು ಹೇಳಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಎರಡೇ. ಬೆಳಿಗ್ಗೆ ಎದ್ದ ಕೂಡಲೇ ಒಂದು, ಸಂಜೆ ಒಂದು. ಹನ್ನೊಂದು ಗಂಟೆಗೆ ಕುಡಿಯುವುದು ಬರೀ ಅರ್ಧ ಕಪ್, ಅದನ್ನೆಲ್ಲ ಯಾರು ಲೆಕ್ಕ ಇಡುತ್ತಾರೆ? ಆಫೀಸಿನ ಮೆಷಿನ್ನಿನಿಂದ ಇಳಿಯುವುದನ್ನು ಕಾಫಿ ಅನ್ನಲಿಕ್ಕೇ ಮನಸ್ಸು ಬರುವುದಿಲ್ಲ, ಹಾಗಾಗಿ ಅದೂ ಇಲ್ಲ. ಯಾರಾದರೂ ಮನೆಗೆ ಬಂದಾಗ ಅವರ ಜೊತೆ ಕುಡಿಯುವುದು ಅವರ ಖಾತೆಗೆ ಹೋಗುತ್ತದೆ. ಹೆಂಡತಿಯ ಕಪ್ಪಿನಿಂದ ಎಳೆಯುವ ಎರಡು ಗುಟುಕು ಸಕ್ಕರೆ ಸರಿಯಾಗಿದೆಯಾ ಅಂತ ನೋಡುವುದಕ್ಕೆ. ಈಗ ಕೂಡಿ ನೋಡಿ. ಎರಡೇ ಅಲ್ವಾ?

ಕಾಫಿ ಒಳ್ಳೆಯದೋ ಕೆಟ್ಟದ್ದೋ ಎನ್ನುವ ಸುದ್ದಿ ಬಂದರೆ ನಾನು ಬಿಡದೆ ಓದುತ್ತೇನೆ. ಒಳ್ಳೆಯದು ಅಂತಿದ್ದರೆ ಪೂರ್ತಿ ಓದುತ್ತೇನೆ, ಕೆಟ್ಟದ್ದು ಅಂತಿದ್ದರೆ ತಲೆಬರಹ ಮಾತ್ರ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ದೊಡ್ಡ ವರದಿ ಬಂತು. ಅದಾಗಲೇ ಪ್ರಕಟವಾಗಿದ್ದ 200ಕ್ಕೂ ಹೆಚ್ಚು ವಿಶ್ಲೇಷಣೆಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಅದು. ದಿನಕ್ಕೆ ಮೂರು, ನಾಲ್ಕು ಕಪ್ ಕುಡಿಯುವವರಲ್ಲಿ ಹೃದಯದ ಕಾಯಿಲೆಯಿಂದ ಸಾಯುವುದು ಕಡಿಮೆ ಕಂಡಿತ್ತು. ಟೈಪ್ 2 ಡಯಾಬಿಟಿಸ್, ಲಿವರ್ ತೊಂದರೆ, ಪಾರ್ಕಿನ್ಸನ್ ಕಾಯಿಲೆ, ಇವೆಲ್ಲವೂ ಕಾಫಿ ಕುಡಿಯುವವರಲ್ಲಿ ಕಡಿಮೆ. ಅದನ್ನು ಓದಿ ಮುಗಿಸಿದಾಗ ಇಷ್ಟು ದಿನ ಎರಡೇ ಕಪ್ಪಿಗೆ ನಿಲ್ಲಿಸಿ ಆರೋಗ್ಯ ಹಾಳು ಮಾಡಿಕೊಂಡೆನಲ್ಲ ಅಂತ ಬೇಜಾರೇ ಆಯಿತು.

ಆಮೇಲೆ ಒಂದು ಸಂಶಯ ಹುಟ್ಟಿತು. ಇಂಥ ಅಧ್ಯಯನಗಳಲ್ಲಿ ಯಾರು ಎಷ್ಟು ಕುಡಿಯುತ್ತಾರೆ ಅಂತ ತಿಳಿಯುವುದು ಹೇಗೆ? ಹೆಚ್ಚಿನವುಗಳಲ್ಲಿ ಒಂದು ಪ್ರಶ್ನಾವಳಿ ಕೊಡುತ್ತಾರೆ. ಜನ ತುಂಬಿ ಕೊಡುತ್ತಾರೆ. ಅಂದರೆ ಲಕ್ಷಾಂತರ ಮಂದಿ ನನ್ನ ಹಾಗೆ ಕೂತು, "ಎರಡು" ಅಂತ ಬರೆದಿರುತ್ತಾರೆ. ಅವರ ಪಕ್ಕದಲ್ಲಿ ಕಿಟಕಿ ನೋಡುವವರು ಯಾರೂ ಇರುವುದಿಲ್ಲ.

ಇನ್ನೊಂದು ತಕರಾರೂ ಇದೆ. ಹುಷಾರಿಲ್ಲದವರು ಎಷ್ಟೋ ಸಲ ತಾವಾಗಿಯೇ ಕಾಫಿ ಬಿಟ್ಟಿರುತ್ತಾರೆ. ಕುಡಿಯುವವರ ಸಾಲಿನಲ್ಲಿ ಗಟ್ಟಿಮುಟ್ಟಾದವರೇ ಉಳಿದರೆ ಕಾಫಿಗೆ ಸುಮ್ನೆ ಒಳ್ಳೆಯ ಹೆಸರು ಬರುತ್ತದೆ. ಹಿಂದೆ ಇದು ಉಲ್ಟಾ ಆಗಿತ್ತು. ಸಿಗರೇಟು ಸೇದುವವರು ಕಾಫಿಯನ್ನೂ ಜಾಸ್ತಿ ಕುಡಿಯುವುದರಿಂದ, ಸಿಗರೇಟಿನ ತಪ್ಪಿಗೆ ಕಾಫಿ ದಂಡ ಕಟ್ಟಿದ್ದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಕಾಫಿಯನ್ನು ಮೂತ್ರಕೋಶದ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತ್ತು. 2016ರಲ್ಲಿ ಸಾಕ್ಷಿ ಸಾಲದು ಅಂತ ಪಟ್ಟಿಯಿಂದ ತೆಗೆಯಿತು. ಇಪ್ಪತ್ತೈದು ವರ್ಷ ಆರೋಪಿಯ ಸ್ಥಾನದಲ್ಲಿ ನಿಂತು ಬಿಡುಗಡೆಯಾದ ಪಾನೀಯ ಇದು. ಆದರೆ ಬಿಡುವಾಗ ಒಂದು ಎಚ್ಚರಿಕೆ ಹೇಳಿತು: 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದದ್ದು ಏನನ್ನೇ ಕುಡಿದರೂ ಅನ್ನನಾಳಕ್ಕೆ ಒಳ್ಳೆಯದಲ್ಲ. ಕಾಫಿಯಾಗಲಿ, ಬರೀ ನೀರಾಗಲಿ. ನಾಲಿಗೆ ಸುಡುವ ಹಾಗಿದ್ದರೇ ಕಾಫಿ ಅನ್ನುವವನು ನಾನು. ಆ ಸಾಲನ್ನು ಮಾತ್ರ ಬೇಗ ದಾಟಿ ಹೋದೆ.

ಡಾಕ್ಟರ ಪ್ರಶ್ನಾರ್ಥಕ ಚಿಹ್ನೆ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಒಂದು ಭಾನುವಾರ ಯಾರೂ ಇಲ್ಲದಾಗ ಅಡುಗೆಮನೆಯ ಅಳತೆ ಲೋಟ ತೆಗೆದೆ. ನನ್ನ ನೀಲಿ ಕಪ್ಪಿಗೆ, ಅದರ ಒಳಗೆ ವರ್ಷಗಳಿಂದ ಕೂತಿರುವ ಕಂದು ಗೆರೆಯವರೆಗೆ ನೀರು ತುಂಬಿಸಿದೆ. ಆ ನೀರನ್ನು ಅಳತೆ ಲೋಟಕ್ಕೆ ಬಗ್ಗಿಸಿದೆ. 350 ಮಿಲಿಲೀಟರ್! ತಪ್ಪಾಗಿರಬೇಕು ಅಂತ ಮತ್ತೆ ಅಳೆದೆ. ಗೆರೆಗೆ ಕಣ್ಣು ಸಮ ಮಾಡಿ, ಬಗ್ಗಿ ನೋಡಿದೆ. ಅಷ್ಟೇ ಬಂತು.

ಪುಸ್ತಕದವರ ಕಪ್ಪು ಸುಮಾರು 240 ಮಿಲಿಲೀಟರ್. ಅಷ್ಟು ಕಾಫಿಯಲ್ಲಿ ಹೆಚ್ಚುಕಡಿಮೆ 95 ಮಿಲಿಗ್ರಾಂ ಕೆಫೀನ್ ಇರುತ್ತದೆ. ಪುಡಿ, ಹದ, ಮಾಡುವ ಕ್ರಮ ಬದಲಾದರೆ ಇದೂ ಬದಲಾಗುತ್ತದೆ, ಆದರೆ ಲೆಕ್ಕಕ್ಕೆ ಏನೋ ಒಂದು ಬೇಕಲ್ಲ. ಹಾಗಾದರೆ ನನ್ನ ಒಂದು ಕಪ್ ಅಂದರೆ ಸುಮಾರು 140 ಮಿಲಿಗ್ರಾಂ. ಎರಡಕ್ಕೆ 280. ಹನ್ನೊಂದು ಗಂಟೆಯ ಅರ್ಧ 70, ಯಾರಾದರೂ ಬಂದಾಗಿನ ಇನ್ನೊಂದು ಅರ್ಧ 70. ಮೆಷಿನ್ನಿನದ್ದು ಸೇರಿಸುವ ಮೊದಲೇ 420 ಆಯಿತು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ಚಿಂತೆಯಿಲ್ಲ ಅಂದಿತ್ತು. ಬಸುರಿಯರಿಗೆ 200. ನಾನು ಅಳತೆ ಲೋಟವನ್ನು ಒರೆಸಿ, ಇದ್ದ ಜಾಗದಲ್ಲೇ ಇಟ್ಟೆ.

ರಕ್ತ ಕೊಡಲು ಹೋದ ದಿನದ ಕಥೆ ಇನ್ನೂ ಚೆನ್ನಾಗಿದೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು, ಕಾಫಿಯೂ ಇಲ್ಲ. ಸರದಿ ಬರುವಾಗ ತಡವಾಯಿತು. ಹನ್ನೊಂದರ ಹೊತ್ತಿಗೆ ಕಣ್ಣಿನ ಹಿಂದಿನಿಂದ ಒಂದು ನೋವು ಶುರುವಾಗಿ ಮೆಲ್ಲಗೆ ಹಣೆಗೆ ಹರಡಿತು. ಎದುರಿಗೆ ಕೂತವರು ಪೇಪರ್ ಮಡಿಸಿದ ಸದ್ದಿಗೂ ಸಿಟ್ಟು ಬಂತು. ಏನೋ ದೊಡ್ಡ ಕಾಯಿಲೆಯೇ ಇರಬೇಕು, ಪರೀಕ್ಷೆಗೆ ಬಂದದ್ದು ಒಳ್ಳೆಯದಾಯಿತು ಅಂದುಕೊಂಡೆ. ರಕ್ತ ಕೊಟ್ಟು, ಹೊರಗೆ ಬಂದು, ಒಂದು ಕಾಫಿ ಕುಡಿದೆ. ಅರ್ಧ ಗಂಟೆಯಲ್ಲಿ ದೊಡ್ಡ ಕಾಯಿಲೆ ವಾಸಿಯಾಯಿತು.

ಇದರ ಗುಟ್ಟು ಅಡೆನೊಸಿನ್ ಅನ್ನುವ ವಸ್ತುವಿನಲ್ಲಿದೆ. ಎಚ್ಚರವಿದ್ದಷ್ಟು ಹೊತ್ತೂ ಅದು ಮಿದುಳಿನಲ್ಲಿ ಸೇರುತ್ತಾ ಹೋಗುತ್ತದೆ. ಅದು ಬಂದು ಕೂರಲು ಅಲ್ಲಿ ಜಾಗಗಳಿವೆ. ಕೂತ ಹಾಗೆಲ್ಲ ನಮಗೆ ತೂಕಡಿಕೆ. ಕೆಫೀನ್ ಮಾಡುವುದು ಇಷ್ಟೇ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಆ ಜಾಗಗಳನ್ನು ಹಿಡಿದು ಕೂರುವುದು. ಅಡೆನೊಸಿನ್ ಎಲ್ಲೂ ಹೋಗಿರುವುದಿಲ್ಲ, ನಿಂತೇ ಇರುತ್ತದೆ. ದಿನಾ ಹೀಗಾದರೆ ಮಿದುಳೂ ಸುಮ್ಮನಿರದೆ ಹೊಂದಿಕೊಳ್ಳುತ್ತದೆ. ಆಮೇಲೆ ಒಂದು ದಿನ ಟವೆಲ್ ಹಾಕುವವನು ಬರದಿದ್ದರೆ, ನಿಂತವರೆಲ್ಲ ಒಟ್ಟಿಗೆ ನುಗ್ಗುತ್ತಾರೆ. ತಲೆಯ ರಕ್ತನಾಳಗಳು ಹಿಗ್ಗುತ್ತವೆ, ತಲೆ ಸಿಡಿಯುತ್ತದೆ. ಕೊನೆಯ ಕಪ್ಪಾದ 12ರಿಂದ 24 ಗಂಟೆಯೊಳಗೆ ಇದು ಶುರುವಾಗುತ್ತದಂತೆ. ಪೂರ್ತಿ ಬಿಟ್ಟರೆ ಒಂದು ವಾರದವರೆಗೂ ಕಾಡಬಹುದು. ಅಂದರೆ ಬೆಳಗಿನ ಕಪ್ಪು ನನಗೆ ಕೊಡುವ ಸುಖದಲ್ಲಿ ಒಂದು ಪಾಲು, ನಿನ್ನೆಯ ಕಪ್ಪು ತಂದಿಟ್ಟ ಕಷ್ಟದ ಪರಿಹಾರ. ಇದು ಗೊತ್ತಾದ ಮೇಲೂ ಬೆಳಗಿನ ಕಪ್ಪಿನ ರುಚಿ ಒಂಚೂರೂ ಕಡಿಮೆಯಾಗಲಿಲ್ಲ ಅನ್ನುವುದು ಬೇರೆ ಮಾತು.

ನನ್ನನ್ನು ನಿಜವಾಗಿ ಅಲುಗಿಸಿದ್ದು ಸಂಜೆಯ ಕಪ್ಪು. ರಕ್ತದಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಕೆಲವರಿಗೆ 3 ಗಂಟೆ ಸಾಕು, ಕೆಲವರಿಗೆ 7. ಸಿಗರೇಟು ಸೇದುವವರಲ್ಲಿ ಬೇಗ ಇಳಿಯುತ್ತದೆ, ಬಸುರಿಯರಲ್ಲಿ ಬಹಳ ನಿಧಾನ. ನಾನು ಸಂಜೆ ಐದಕ್ಕೆ ಒಂದು ಕಪ್ ಕುಡಿದರೆ, ರಾತ್ರಿ ಹತ್ತಕ್ಕೆ ದಿಂಬಿಗೆ ತಲೆ ಕೊಡುವಾಗ ಒಳಗೆ ಅರ್ಧ ಕಪ್ ಹಾಗೇ ಇರುತ್ತದೆ. ಹಗಲೆಲ್ಲ ನಾನು ಲೆಕ್ಕಕ್ಕೆ ತೆಗೆದುಕೊಳ್ಳದ ಅದೇ ಅರ್ಧ ಕಪ್! ಬೆಳಗಿನ ಜಾವ ಮೂರಕ್ಕೂ ಕಾಲು ಕಪ್ ಉಳಿದಿರುತ್ತದೆ. "ಕಾಫಿ ಕುಡಿದರೂ ನನಗೆ ನಿದ್ದೆ ಬರುತ್ತೆ ಬಿಡಿ" ಅಂತ ಜಂಬ ಕೊಚ್ಚುತ್ತಿದ್ದೆ. ನಿದ್ದೆ ಬರುವುದು ನಿಜ. ಮೂರಕ್ಕೆ ಎದ್ದು ಚಾವಣಿ ನೋಡುವುದನ್ನು ವಯಸ್ಸಿನ ಮೇಲೆ ಹಾಕಿದ್ದೆ. ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ಕೊಟ್ಟು ನೋಡಿದ ಒಂದು ಪ್ರಯೋಗದಲ್ಲಿ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆಯಾಗಿತ್ತು.

ಕೊಲೆಸ್ಟ್ರಾಲ್ ಇರುವವರಿಗೆ ಇನ್ನೊಂದು ಮಾತು, ನನ್ನ ರಿಪೋರ್ಟಿನಲ್ಲಿ ಕೆಂಪು ಗೆರೆ ಬಿದ್ದದ್ದೂ ಅಲ್ಲೇ. ಕಾಫಿ ಬೀಜದ ಎಣ್ಣೆಯಲ್ಲಿ ಕ್ಯಾಫೆಸ್ಟಾಲ್ ಅಂತ ಒಂದು ವಸ್ತುವಿದೆ, ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಪುಡಿಯನ್ನು ನೀರಲ್ಲಿ ಕುದಿಸಿ ಹಾಗೇ ಕುಡಿದರೆ ಜಾಸ್ತಿ ಬರುತ್ತದೆ. ಕಾಗದದ ಫಿಲ್ಟರ್ ಅದನ್ನು ಬಹುಪಾಲು ಹಿಡಿದುಕೊಳ್ಳುತ್ತದೆ. ಊಟದ ಜೊತೆಗೇ ಕಾಫಿ ಕುಡಿದರೆ ಊಟದಲ್ಲಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ, ರಕ್ತ ಕಡಿಮೆ ಇರುವವರು ಸ್ವಲ್ಪ ಹೊತ್ತು ಬಿಟ್ಟು ಕುಡಿಯಬೇಕು. ಕಾಫಿ ಕುಡಿದರೆ ಮೈಯ ನೀರೆಲ್ಲ ಹೋಗುತ್ತದೆ ಅಂತ ಹೆದರಿಸುವವರ ಮಾತು ಮಾತ್ರ ನಂಬಬೇಡಿ. ದಿನಾ ಮಿತಿಯಲ್ಲಿ ಕುಡಿಯುವವರಲ್ಲಿ ಹಾಗೇನೂ ಆಗುವುದಿಲ್ಲ. ಸಕ್ಕರೆಯ ವಿಷಯ ನಾನು ಎತ್ತುವುದಿಲ್ಲ.

ಇಷ್ಟೆಲ್ಲ ಓದಿ ನಾನು ಮಾಡಿಕೊಂಡ ಬದಲಾವಣೆ ಎರಡು. ಕಪ್ಪು ಬದಲಾಯಿಸಿದೆ. ಈಗಿನದ್ದು 150 ಮಿಲಿಲೀಟರ್, ಅಳೆದು ನೋಡಿದ್ದೇನೆ. ಸಂಜೆಯದನ್ನು ಮೂರು ಗಂಟೆಗೆ ಹಿಂದೆ ತಂದೆ. ಮುಂದಿನ ಸಲ ಡಾಕ್ಟರು ಕೇಳಿದಾಗ "ನಾಲ್ಕು" ಅಂದೆ, ಅರ್ಧಗಳನ್ನೂ ಸೇರಿಸಿ. ಅವರಿಗೆ ಗಾಬರಿಯಾಯಿತು. "ಎರಡಿತ್ತಲ್ಲ, ಯಾಕೆ ಏರಿತು?" ಅಂದರು. ಕಡಿಮೆ ಮಾಡಿದ್ದೇನೆ ಸಾರ್, ಅಂದರೆ ನಂಬಲಿಲ್ಲ. ಈ ಸಲ ಹೆಂಡತಿ ಕಿಟಕಿ ನೋಡಲಿಲ್ಲ, ನಗು ತಡೆಯಲು ಕರ್ಚೀಫು ಬಾಯಿಗೆ ಹಿಡಿದಳು.

ನೀಲಿ ಕಪ್ಪು ಮೇಜಿನ ಮೇಲಿದೆ. ಅದರಲ್ಲಿ ಪೆನ್ನುಗಳನ್ನು ಇಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಮಾತ್ರ ತೆಗೆದು ಪಕ್ಕಕ್ಕೆ ಇಡುತ್ತೇನೆ.