ಬೋಟ್ಸ್‌ವಾನಾದಲ್ಲಿ ಅಧ್ಯಕ್ಷರ ಆಯ್ಕೆ ಹಾಗಲ್ಲ

ಬೋಟ್ಸ್‌ವಾನಾದ ಜನ ಅಧ್ಯಕ್ಷರಿಗೆ ನೇರವಾಗಿ ಓಟು ಹಾಕುತ್ತಾರೆ ಅಂತ ಲೇಖನದಲ್ಲಿ ಬರೆದಿದ್ದೀರಿ ಸರ್, ಅದು ಸರಿಯಲ್ಲ. ಅವರು ಆರಿಸುವುದು 61 ಕ್ಷೇತ್ರಗಳ ಸಂಸದರನ್ನು. ಯಾವ ಪಕ್ಷಕ್ಕೆ ಅರ್ಧಕ್ಕಿಂತ ಜಾಸ್ತಿ ಸೀಟು ಬರುತ್ತದೋ ಅದರ ಅಭ್ಯರ್ಥಿಯೇ ಅಧ್ಯಕ್ಷ. 1966ರಿಂದ 58 ವರ್ಷ ಬೋಟ್ಸ್‌ವಾನಾ ಡೆಮಾಕ್ರಟಿಕ್ ಪಕ್ಷ (ಬಿಡಿಪಿ) ಒಂದೇ ಆಳಿತು, 2024ರಲ್ಲಿ ಶೇಕಡಾ 30ರಷ್ಟು ಮತ ಬಂದರೂ ಬರೀ 4 ಸೀಟಿಗೆ ಇಳಿಯಿತು, 36 ಗೆದ್ದ ವಿರೋಧ ಪಕ್ಷಗಳ ಒಕ್ಕೂಟ ಯುಡಿಸಿಯ ಡುಮಾ ಬೊಕೊ ಅಧ್ಯಕ್ಷರಾದರು. ಇಷ್ಟು ವರ್ಷ ಅಧಿಕಾರದಲ್ಲಿದ್ದ ಪಕ್ಷ ಸುಮ್ನೆ ಬಿಟ್ಟುಕೊಡುತ್ತಾ ಅಂತ ನನಗೆ ಭಯವಿತ್ತು. ಆದರೆ ಆಗ ಅಧ್ಯಕ್ಷರಾಗಿದ್ದ ಬಿಡಿಪಿಯ ಮಸೀಸಿ ಎಣಿಕೆ ಪೂರ್ತಿ ಮುಗಿಯುವ ಮೊದಲೇ ಬೊಕೊಗೆ ಫೋನ್ ಮಾಡಿ ಸೋಲು ಒಪ್ಪಿಕೊಂಡರು. ಎಂಥ ದೊಡ್ಡತನ ಅಲ್ವಾ! ಬುಡಕಟ್ಟು ಮುಖ್ಯಸ್ಥರ ಸಭೆಯೂ ಇದೆ, ಅದು ಸಲಹೆ ಕೊಡಬಹುದಷ್ಟೇ, ಕಾನೂನು ತಡೆಯುವ ಹಾಗಿಲ್ಲ. ದಯವಿಟ್ಟು ಇದನ್ನೂ ಸೇರಿಸಿ.