ಹುಡುಗರು ಬರಲ್ಲ ಅಂತೀರಿ, ಬಂದವರಿಗೆ ಏನು ಕೊಟ್ಟಿರಿ?

ನಿನ್ನೆ ವಿರಾಜಪೇಟೆಯಲ್ಲಿ ಒಂದು ಮದುವೆ. ಊಟಕ್ಕೆ ಕೂತಲ್ಲಿ ಹಿರಿಯರೊಬ್ಬರದ್ದು ಅದೇ ಹಳೇ ರಾಗ: "ಈಗಿನ ಹುಡುಗರಿಗೆ ಕಾಫಿ ತೋಟ ಬೇಡ, ಬೆಂಗಳೂರೇ ಬೇಕು." ಅವರ ಮಗ ಅಲ್ಲೇ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಕಂಪನಿ ಕೆಲಸ ಬಿಟ್ಟು ತೋಟಕ್ಕೇ ಬಂದವನು ಅವನು! ಪಂದಿಕರಿ ಚೆನ್ನಾಗಿತ್ತು, ಅದಕ್ಕೇ ಸುಮ್ಮನಿದ್ದೆ. ಇಲ್ಲಿ ಹೇಳ್ತೀನಿ.

ಆ ಹುಡುಗನಿಗೆ ಮೂವತ್ತು ದಾಟಿದೆ. ಕೆಲಸದವರನ್ನು ಜೀಪಲ್ಲಿ ಕರೆತರುವುದು, ಕಣದಲ್ಲಿ ಕಾಫಿ ಹಣ್ಣು ಹರಡಿಸುವುದು, ರಾತ್ರಿ ಆನೆ ಬಂದರೆ ಪಟಾಕಿ ಹಿಡಿದು ಓಡುವುದು ಎಲ್ಲ ಅವನದೇ. ಚೆಕ್‌ಬುಕ್ ಮಾತ್ರ ಅಪ್ಪನ ಬೀರುವಿನಲ್ಲಿ. ಕೆಲಸದವರಿಗೆ ವಾರಕ್ಕೊಮ್ಮೆ ಬಟವಾಡೆ ಆಗುತ್ತೆ. ಮಗ ಪೆಟ್ರೋಲಿಗೂ ಕೈ ಚಾಚಬೇಕು.

ಫೆಬ್ರವರಿ ಕೊನೆಗೆ ರೊಬಸ್ಟಾ ಕಾಫಿಯ ಮೊಗ್ಗು ಅರಳೋಕೆ ನೀರಿಗೆ ಕಾಯುತ್ತಿತ್ತು. ಕೆರೆಯಲ್ಲಿ ನೀರಿತ್ತು. ಸ್ಪ್ರಿಂಕ್ಲರ್ ಹಾಕೋಣ ಅಂದ ಮಗ. "ಹೂಮಳೆ ಬರುತ್ತೆ, ಡೀಸೆಲ್‌ಗೆ ದುಡ್ಡು ಸುರೀಬೇಡ" ಅಂದರು ಅಪ್ಪ. ಮಳೆ ಬಂತು, ಎಲೆ ನೆನೆಯುವಷ್ಟು. ಮೊಗ್ಗು ಅರಳಲಿಲ್ಲ, ಗುಲಾಬಿ ಬಣ್ಣಕ್ಕೆ ತಿರುಗಿ ಒಣಗಿತು. ಈಗ ಫಸಲು ಕಡಿಮೆ ಅಂತ ಬೈಸಿಕೊಳ್ಳುತ್ತಿರುವುದು ಮಗ.

ಸ್ವಂತ ಸಾಲ ಮಾಡಲಿ ಅಂತೀರಾ? ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರು. ಜಮ್ಮಾ ಜಾಗ, ಅಂದರೆ ಕೊಡಗಿನ ಹಳೇ ವಂಶಪಾರಂಪರ್ಯ ಹಿಡುವಳಿ ಆದರಂತೂ ಇಡೀ ಒಕ್ಕದ, ಅಂದರೆ ಮನೆತನದ ಹೆಸರು. ಬ್ಯಾಂಕಿನವರು ಕಾಗದ ನೋಡಿ "ಎಲ್ಲರ ಸಹಿ ತನ್ನಿ" ಅಂತಾರೆ. ಒಬ್ಬರು ಮೈಸೂರಲ್ಲಿ, ಇನ್ನೊಬ್ಬರು ದುಬೈನಲ್ಲಿ, ಮತ್ತೊಬ್ಬರು ಮಾತು ಬಿಟ್ಟು ಹತ್ತು ವರ್ಷ!

ಕೈಗೆ ಕೊಟ್ಟರೆ ಮಾರಿಬಿಡ್ತಾರೆ ಅನ್ನುವವರೂ ಇದ್ದಾರೆ. ಹೌದು, ಒಬ್ಬಿಬ್ಬರು ಮಾರಿರಬಹುದು. ಆದರೆ ರಸ್ತೆ ಬದಿಯ ಗದ್ದೆಗೆ ಮಣ್ಣು ತುಂಬಿಸಿ ಸೈಟ್ ಮಾಡಿದ್ದು ಯಾರು? ಇಪ್ಪತ್ತೈದರ ಹುಡುಗರಾ?

2025ರ ಆರಂಭದಲ್ಲಿ ರೊಬಸ್ಟಾ ದರ ದಾಖಲೆ ಮುಟ್ಟಿದಾಗ "ಅಣ್ಣಾ, ಊರಿಗೆ ಬಂದುಬಿಡಲಾ?" ಅಂತ ಫೋನ್ ಮಾಡಿದ ಹುಡುಗರಿದ್ದಾರೆ. ಬಾ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ದರ ಇಳಿಯುತ್ತೆ ಅನ್ನುವ ಹೆದರಿಕೆಗಲ್ಲ. ಅವರ ಅಪ್ಪಂದಿರು ನನಗೆ ಗೊತ್ತು, ಅದಕ್ಕೆ.

ನಮ್ಮಪ್ಪನೂ ಹಾಗೇ ಇದ್ದರು. ತೋಟದ ನೆರಳಿನ ಒಂದು ಸಿಲ್ವರ್ ಮರ ಕಡಿಯೋಕೂ ನಾನು ಕೇಳಬೇಕಿತ್ತು. ತೋಟ ನನ್ನ ಕೈಗೆ ಬಂದಿದ್ದು ಅವರು ಹೋದ ಮೇಲೆ. ಬರೆಯೋಕೆ ಸಂಕಟ ಆಗುತ್ತೆ, ಆದರೆ ನಿಜ.

ಪೂರ್ತಿ ತೋಟ ಬೇಡ ಸ್ವಾಮಿ. ಎರಡು ಎಕರೆ ಬಿಟ್ಟುಕೊಡಿ, ಮೂರ್ನಾಲ್ಕು ವರ್ಷ ಲೆಕ್ಕ ಕೇಳಬೇಡಿ. ಹೊಸ ಕಾಫಿ ಗಿಡ ಫಸಲಿಗೆ ಬರೋಕೇ ಅಷ್ಟು ಬೇಕಲ್ವಾ? ಹಾಂ, ಅದರಲ್ಲಿ ಅವನು ಬೆಣ್ಣೆಹಣ್ಣು ನೆಟ್ಟರೂ ಮುಖ ಊದಿಸಬೇಡಿ.